ಕದ್ದರೆ ಚಿಗುರುವ ಬಳ್ಳಿ

ಬೂದಿಗೆರೆ
ಬುಧವಾರ, ಜೂನ್ 18, 2025

ಪ್ರೀತಿಯ ಸಿದ್ದ,

ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ಅಪ್ಪ ಚೆನ್ನಾಗಿದ್ದಾರೆ. ನಿಮ್ಮ ತಾತ ದೊಡ್ಡಬೀರಪ್ಪನವರೂ ಚೆನ್ನಾಗಿದ್ದಾರೆ. ಬೆಳಗ್ಗೆ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದವರು ನನ್ನನ್ನು ಕಂಡು ಪಂಚೆಯ ಮರೆಗೆ ಇಟ್ಟುಕೊಂಡರು, ನಿನಗೆ ಎಲ್ಲಿ ಹೇಳಿಬಿಡುತ್ತೇನೋ ಎಂದು. ಈಗ ಹೇಳಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವ ಅಗತ್ಯ ಬೀಳುವುದಿಲ್ಲ, ದಿನಾ ಫೋನಿನಲ್ಲಿ ನಿನ್ನ ಗಿಡದ ವಿಡಿಯೊಗಳಲ್ಲಿ ಕಾಣುತ್ತೀಯ. ಹೊಸ ಶರ್ಟು ಚೆನ್ನಾಗಿದೆ.

ನಿನ್ನ ಮೆಸೇಜಿಗೆ ಇಷ್ಟು ತಡವಾಗಿ ಉತ್ತರ ಕೊಡುತ್ತಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನರ್ಸರಿಯಲ್ಲಿ ಕೆಲಸ ಹೆಚ್ಚಿತ್ತು ಎನ್ನಬಹುದಿತ್ತು, ಇರಲಿಲ್ಲ. ಮಳೆಗಾಲ ಶುರುವಾಗಿ ಕುಂಡಗಳಿಗೆ ನೀರು ಹಾಕುವ ಕೆಲಸವೂ ಕಡಿಮೆಯಾಗಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು, ಅಷ್ಟೇ ಕಾರಣ. ಇಷ್ಟು ದಿನ ಹೊಟ್ಟೆಕಿಚ್ಚು ಅಂದರೆ ಸುಮ್ಮನೆ ಒಂದು ಮಾತು ಅಂದುಕೊಂಡಿದ್ದೆ. ನಿಜವಾಗಿಯೂ ಹೊಟ್ಟೆಯಲ್ಲೇ ಇರುತ್ತದೆ ಕಣೋ, ಪಕ್ಕೆಲುಬಿನ ಸ್ವಲ್ಪ ಕೆಳಗೆ.

ಪತ್ರ ಯಾಕೆ ಬರೆಯುತ್ತಿದ್ದೇನೆ ಎಂದು ನಗುತ್ತಿರುತ್ತೀಯ. ನನ್ನ ವಾಯ್ಸ್ ಮೆಸೇಜುಗಳನ್ನು ಎರಡು ಪಟ್ಟು ವೇಗದಲ್ಲಿ ಕೇಳುತ್ತೇನೆ ಎಂದು ನೀನೇ ಹೇಳಿದ್ದೆ. ನನ್ನ ಅಕ್ಷರವನ್ನು ಹಾಗೆ ಓಡಿಸಿಕೊಂಡು ಓದಲು ನಿನ್ನಿಂದ ಆಗುವುದಿಲ್ಲ, ಮೇಷ್ಟರಿಗೇ ಆಗುತ್ತಿರಲಿಲ್ಲ. ನಾಡಿದ್ದು ಗೋವಿಂದರಾಜಣ್ಣ ಟೆಂಪೋದಲ್ಲಿ ನೀನಿರುವ ದೇವನಹಳ್ಳಿ ಕಡೆಗೆ ಗಿಡ ಒಯ್ಯುತ್ತಾರೆ, ಅವರ ಕೈಲಿ ಕಳಿಸುತ್ತೇನೆ.

ನೀನು ಎರಡು ಕೇಳಿದ್ದೀಯ. ಒಂದು, ನಿನ್ನ ಹೊಸ ಗಿಡದ ಅಂಗಡಿಯಲ್ಲಿ ಹಂಚಲು ಒಂದು ಚೀಟಿ. ಮೊದಲ ಸಲ ಮನೆಯೊಳಗೆ ಗಿಡ ಇಡುವವರಿಗೆ ಯಾವ ಗಿಡ ಸುಲಭ, ಹೇಗೆ ನೋಡಿಕೊಳ್ಳಬೇಕು, ಏನು ಉಪಯೋಗ ಅಂತ. ಎರಡು, ನಮ್ಮ ಮನೆಯ ಮನಿಪ್ಲಾಂಟ್. ಒಂದು ತುಂಡಲ್ಲ, ಪೂರ್ತಿ ಗಿಡ, ಕುಂಡದ ಸಮೇತ, ಅಂಗಡಿಯ ಬಾಗಿಲಲ್ಲಿ ಇಡಲಿಕ್ಕೆ. ಭಾನುವಾರ ಅಂಗಡಿ ಪೂಜೆ, ಆಷಾಢ ಬರುವುದಕ್ಕೆ ಮೊದಲು ಮುಗಿಸಬೇಕು, ಶನಿವಾರ ಬಂದು ತಗೊಂಡು ಹೋಗ್ಲಾ ಗುರು ಎಂದು ಬರೆದು ಮೂರು ಕೈಮುಗಿಯುವ ಚಿತ್ರ ಹಾಕಿದ್ದೀಯ.

ಮೊದಲನೆಯದು ಸುಲಭ. ಅದನ್ನು ಇಲ್ಲೇ ಬರೆಯುತ್ತೇನೆ, ನಿನಗೆ ಬೇಕಾದಷ್ಟು ಕತ್ತರಿಸಿಕೋ. ಕತ್ತರಿಸುವುದು ನಿನಗೆ ಹೊಸದಲ್ಲ, ನನ್ನ ಮುಖವನ್ನು ಎಲ್ಲ ವಿಡಿಯೊಗಳಿಂದಲೂ ಕತ್ತರಿಸಿದ್ದೀಯ.

ನೋಡು, ಚೀಟಿ ಶುರು ಮಾಡುವ ಮೊದಲೇ ಉರಿ ಹತ್ತಿಕೊಂಡಿತು. ಎದ್ದು ನರ್ಸರಿಯ ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿ ಬಂದು ಕೂತಿದ್ದೇನೆ. ನಾನು ಒಂದೇ ಕಡೆ ಕೂರಲಾರೆ ಎನ್ನುವುದು ನಿನಗೆ ಗೊತ್ತು. ಹೊಸಕೋಟೆ ಕಾಲೇಜಿನ ಬೆಂಚಿನಿಂದ ಎದ್ದು ಬಂದವನು ಮತ್ತೆ ಹೋಗಲಿಲ್ಲ. ಆಮೇಲೆ ಫ್ಯಾಕ್ಟರಿ ಬಿಟ್ಟೆ, ಪಾರ್ಸೆಲ್ ಹಂಚುವುದು ಬಿಟ್ಟೆ. ನರ್ಸರಿಯೊಂದನ್ನೇ ಬಿಡಲಿಲ್ಲ, ಇಲ್ಲಿ ಕೂರು ಎಂದು ಯಾರೂ ಹೇಳುವುದಿಲ್ಲ.

ಈಗ ಚೀಟಿ. ಮೊದಲ ಸಲ ಗಿಡ ಇಡುವವರಿಗೆ ಹೇಳಬೇಕಾದ ಮೊದಲ ಮಾತು: ಸುಮ್ಮನಿರಿ. ಮನೆಯೊಳಗಿನ ಗಿಡ ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಹೊಸದಾಗಿ ತಂದ ಖುಷಿಗೆ ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಕುತ್ತಾರೆ, ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ, ಹಳದಿಯಾಯಿತಲ್ಲ ಎಂದು ಇನ್ನೊಂದು ಲೋಟ ಹಾಕುತ್ತಾರೆ. ಬೆರಳನ್ನು ಮಣ್ಣಿನೊಳಗೆ ಎರಡನೇ ಗೆಣ್ಣಿನ ತನಕ ಇಳಿಸಿ ನೋಡಲಿ. ತೇವ ತಾಗಿದರೆ ಕೈ ತೊಳೆದುಕೊಂಡು ತಮ್ಮ ಕೆಲಸ ನೋಡಿಕೊಳ್ಳಲಿ. ಒಣಗಿದ್ದರೆ ಮಾತ್ರ ನೀರು, ಕೆಳಗಿನ ತೂತಿನಿಂದ ಹೊರಬರುವಷ್ಟು. ತೂತಿಲ್ಲದ ಕುಂಡವನ್ನು ಎಷ್ಟೇ ಚೆಂದವಿದ್ದರೂ ಮಾರಬೇಡ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು, ಇಲ್ಲದಿದ್ದರೆ ಸೊಳ್ಳೆ.

ಎರಡನೆಯದು ಬೆಳಕು. ಕಿಟಕಿಯ ಹತ್ತಿರ ಇಡಲಿ, ಸುಡುವ ಬಿಸಿಲಲ್ಲಿ ಬೇಡ. ದೀಪ ಹಾಕದೆ ಹಗಲಲ್ಲಿ ಪೇಪರ್ ಓದಲು ಆಗುವ ಜಾಗವಾದರೆ ಗಿಡಕ್ಕೂ ಆಗುತ್ತದೆ. ಬಚ್ಚಲು ಮನೆಯ ಕತ್ತಲಲ್ಲಿಟ್ಟು ಬದುಕಲಿಲ್ಲ ಎಂದು ಬಂದರೆ ನೀನು ದುಡ್ಡು ವಾಪಸ್ ಕೊಡಬೇಡ. ಗಿಡಗಳ ಪೈಕಿ ಸ್ನೇಕ್ ಪ್ಲಾಂಟ್ ಕೊಡು, ವಾರಗಟ್ಟಲೆ ಊರಿಗೆ ಹೋಗುವವರಿಗೆ ಅದೇ ಸರಿ. ಮನಿಪ್ಲಾಂಟ್ ಕೊಡು. ಅಡುಗೆ ಮನೆ ಕಿಟಕಿಗೆ ದೊಡ್ಡಪತ್ರೆ ಕೊಡು, ಕೆಮ್ಮು ಬಂದಾಗ ಕಷಾಯಕ್ಕೂ ಆಯಿತು. ಅಂಬೆಗಾಲಿಡುವ ಮಗುವೋ ಬೆಕ್ಕೋ ನಾಯಿಯೋ ಇದ್ದರೆ ಮನಿಪ್ಲಾಂಟನ್ನು ಕೈಗೆಟುಕದ ಎತ್ತರದಲ್ಲಿ ಇಡಲು ಹೇಳು, ಅಗಿದರೆ ಬಾಯಿ ಉರಿಯುತ್ತದೆ. ಇದನ್ನು ನೀನು ಒಂದು ವಿಡಿಯೊದಲ್ಲೂ ಹೇಳಿಲ್ಲ.

ಎಲೆಗೆ ಹಾಲು ಹಚ್ಚಿ ಒರೆಸಿದರೆ ಮಿರಮಿರ ಮಿಂಚುತ್ತದೆ ಎಂದು ಹೇಳಿದೆಯಲ್ಲ, ಅದನ್ನು ಯಾರಿಂದ ಕಲಿತೆ? ಪಕ್ಕದ ಮನೆ ಲಕ್ಷ್ಮೀದೇವಮ್ಮ ಹಚ್ಚಿದರು. ಮಾರನೇ ಬೆಳಗ್ಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು.

“ಎಲ್ಲಪ್ಪಾ ನಿನ್ನ ಸ್ನೇಹಿತ? ಹೊಸ್ತಿಲಿಂದ ದೇವರ ಗೂಡಿನ ತಂಕ ಇರುವೆ ಸಾಲು ಹತ್ತೈತೆ. ನಮ್ಮೆಜಮಾನ್ರು ದೀಪ ಹಚ್ಚಕ್ಕೋಗಿ ಕಚ್ಚಿಸ್ಕೊಂಡವ್ರೆ.”

“ನಾನಲ್ಲ ಆಂಟಿ ಹೇಳಿದ್ದು, ಅವ್ನು.”

“ವಿಡಿಯೊದಲ್ಲಿ ಒರಸ್ತಿದ್ದ ಕೈ ನಿಂದೇ ಅಲ್ವೇನೋ? ಆ ಹೆಬ್ಬೆಟ್ಟು ನಂಗೊತ್ತಿಲ್ವಾ?”

ಆ ಕೈ ನನ್ನದೇ, ನಿಜ. ಸೈಕಲ್ ಚೈನಿಗೆ ಸಿಕ್ಕಿ ಅರ್ಧ ಉಗುರು ಹೋದ ಹೆಬ್ಬೆಟ್ಟು. ಆದರೆ ನನ್ನ ಬಟ್ಟೆಯಲ್ಲಿದ್ದದ್ದು ಬರೀ ನೀರು. ಹಾಲು ಎಂದದ್ದು ನಿನ್ನ ಬಾಯಿ. ನಿನ್ನ ಎಲ್ಲ ವಿಡಿಯೊಗಳೂ ಹೀಗೇ. ಕೆಲಸ ನನ್ನ ಕೈಯದು, ಮಾತು ನಿನ್ನದು, ಹೊಗಳಿಕೆಯೂ ನಿನ್ನದು. “ಬ್ರೋ, ಎಷ್ಟು ಮೆತ್ತಗೆ ಮುಟ್ತೀರಾ ಗಿಡಾನ” ಎಂದು ಯಾರೋ ಬರೆದರೆ ನೀನು ಕೆಳಗೆ ಹೃದಯದ ಚಿತ್ರ ಹಾಕುತ್ತೀಯ. ಮೆತ್ತಗೆ ಮುಟ್ಟಿದವನು ಇಲ್ಲಿ ಗೊಬ್ಬರದ ಚೀಲ ಹೊರುತ್ತಿದ್ದಾನೆ.

ಉಪಯೋಗದ ವಿಷಯಕ್ಕೆ ಬರುತ್ತೇನೆ. ಒಂದು ಗಿಡ ಇಟ್ಟರೆ ಕೋಣೆಯ ಗಾಳಿಯೆಲ್ಲ ಶುದ್ಧವಾಗುತ್ತದೆ ಎಂದು ಚೀಟಿಯಲ್ಲಿ ಹಾಕಬೇಡ. ಅದಕ್ಕೆ ಕಿಟಕಿ ತೆಗೆದರೆ ಸಾಕು. ಮನಿಪ್ಲಾಂಟಿನಿಂದ ದುಡ್ಡು ಬರುತ್ತದೆ ಎಂದೂ ಹಾಕಬೇಡ, ನಮ್ಮ ಮನೆಯನ್ನು ನೀನು ನೋಡಿದ್ದೀಯ. ನಾನು ಕಣ್ಣಾರೆ ಕಂಡ ಉಪಯೋಗ ಒಂದಿದೆ. ಅಮ್ಮ ಹೋದ ಮೇಲೆ ಅಪ್ಪ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಕರೆದರೆ ಗೋಡೆಗೆ ಮುಖ ಮಾಡುತ್ತಿದ್ದರು. ಒಂದು ಬೆಳಗ್ಗೆ ನಾನು ಕೆಲಸಕ್ಕೆ ಹೊರಟಾಗ, ಬಳ್ಳಿಗೆ ನೀರು ಹಾಕುವುದನ್ನು ಮರೆತೆ, ಎಲೆ ಜೋತು ಬಿದ್ದಿದೆ, ನೋಡಿಕೊಳ್ಳಪ್ಪಾ ಎಂದೆ. ನಿಜವಾಗಿಯೂ ಮರೆತಿದ್ದೆ. ಸಂಜೆ ಬಂದರೆ ಅಪ್ಪ ಎದ್ದು, ಮುಖ ತೊಳೆದು, ಕುಂಡದ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. “ಎತ್ಕೊಂತು ನೋಡ್ಲಾ” ಎಂದರು. ಎಲೆಗಳು ನೆಟ್ಟಗಾಗಿದ್ದವು. ಅಮ್ಮ ಹೋದ ಮೇಲೆ ಅವರು ತಾವಾಗಿ ಆಡಿದ ಮೊದಲ ಮಾತು ಅದು. ಎದ್ದು ನೋಡಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೀವ ಇರುತ್ತದೆ, ಅದು ಬೈಯುವುದಿಲ್ಲ, ಆದರೆ ಕಾಯುತ್ತದೆ. ಉಪಯೋಗ ಅಂತ ಇಷ್ಟನ್ನು ಬರೆ.

ಇಷ್ಟು ಬರೆದರೆ ಚೀಟಿ ಮುಗಿಯಿತು. ಎರಡನೆಯದು ಮುಗಿಯುತ್ತಿಲ್ಲ.

ಸಿದ್ದ, ನಮ್ಮ ಮನೆಯಲ್ಲಿ ಆ ಬಳ್ಳಿಯನ್ನು ಯಾರಾದರೂ ಕೇಳಿದ್ದನ್ನು ನೀನು ಕಂಡಿದ್ದೀಯಾ? ಮನಿಪ್ಲಾಂಟನ್ನು ಕದ್ದು ತಂದರೇ ಚಿಗುರುವುದು, ಕೇಳಿ ತಂದರೆ ಬೇರು ಬಿಡುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಅಮ್ಮ ಅದನ್ನು ಹೊಸಕೋಟೆ ಬಸ್ ನಿಲ್ದಾಣದ ಎದುರಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿಂದ ಚಿವುಟಿ, ದಂಟಿನ ಸೊಪ್ಪಿನ ಕೆಳಗೆ ಬಚ್ಚಿಟ್ಟುಕೊಂಡು ತಂದಳು. ದಾರಿಯುದ್ದಕ್ಕೂ ಹೋಟೆಲಿನವನು ಹಿಂದೆ ಬರುತ್ತಿದ್ದಾನೋ ಎಂದು ತಿರುಗಿ ನೋಡುತ್ತಿದ್ದಳಂತೆ. ಉಪ್ಪಿನಕಾಯಿ ಬಾಟಲಿಯಲ್ಲಿ ಬೇರು ಬಿಟ್ಟಿತು, ಬಣ್ಣದ ಡಬ್ಬಕ್ಕೆ ಹೋಯಿತು, ದಾರ ಹಿಡಿದು ಗೋಡೆ ಹತ್ತಿ, ಟಿವಿಯ ಹಿಂದಿನಿಂದ ದೇವರ ಪಟಗಳನ್ನು ಸುತ್ತಿಕೊಂಡು ಬಾಗಿಲಿನ ತನಕ ಬಂತು. ಆಮೇಲೆ ಬೀದಿಯವರೆಲ್ಲ ಅವಳಿಂದ ಕದಿಯಲು ಶುರು ಮಾಡಿದರು.

ಹೇಗೆ ಕದಿಯುತ್ತಿದ್ದರು ನೆನಪಿದೆ ತಾನೇ? ಬಂದವರು ಕೂರುತ್ತಿದ್ದರು. ಮಳೆ, ಬೆಳೆ, ಮಕ್ಕಳ ಮಾತು ಆಡುತ್ತಿದ್ದರು. ಕಣ್ಣು ಮಾತ್ರ ಬಳ್ಳಿಯ ಮೇಲೆ. ಅಮ್ಮ ಸ್ವಲ್ಪ ಹೊತ್ತು ಆಟ ಆಡಿಸಿ, ಆಮೇಲೆ ತಟ್ಟನೆ ಎದ್ದು, “ಅಯ್ಯೋ, ಒಲೆ ಮೇಲೆ ಹಾಲಿಟ್ಟಿದೀನಿ, ಬಂದೆ ಇರಿ” ಎಂದು ಒಳಗೆ ಹೋಗುತ್ತಿದ್ದಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಅಡುಗೆ ಮನೆಯಲ್ಲಿ ಗೋಡೆಗೆ ಒರಗಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾ ನಿಂತಿರುತ್ತಿದ್ದಳು. ಕತ್ತರಿಯನ್ನು ಕಿಟಕಿಯ ಮೇಲೆ ಕಾಣುವಂತೆ ಇಟ್ಟೇ ಹೋಗುತ್ತಿದ್ದಳು, ಕೈಯಲ್ಲಿ ಕಿತ್ತರೆ ಬಳ್ಳಿ ಸೀಳುತ್ತದಲ್ಲ. ಹೊರಗೆ ಬಂದು, “ಹಾಲು ಉಕ್ಕೋಗಿತ್ತು” ಎನ್ನುತ್ತಿದ್ದಳು. ಚೀಲ ಮುಚ್ಚಿಕೊಂಡ ಕಳ್ಳರು, “ಬರ್ತೀವಿ ರುಕ್ಮಿಣಕ್ಕ” ಎನ್ನುತ್ತಿದ್ದರು.

ಎಲ್ಲ ತಿಳಿದ ನೀನು ಮೆಸೇಜ್ ಹಾಕಿ ಕೇಳಿದ್ದೀಯ. ಹೋದ ವರ್ಷ ಹೊಸ ಅಪಾರ್ಟ್‌ಮೆಂಟಿನವರೊಬ್ಬರು ನನ್ನನ್ನು ಕೇಳಿ ಒಂದು ತುಂಡು ಒಯ್ದರು, ಅದು ಕೊಳೆತು ಹೋಯಿತು. ಅದು ಕೊಳೆತದ್ದು ನೀರು ಹೆಚ್ಚಾಗಿ, ಕೇಳಿದ್ದಕ್ಕಲ್ಲ. ಅದು ನನಗೆ ಗೊತ್ತು. ಆದರೂ ನೀನು ಕೇಳಿದ್ದು ನನಗೆ ಸೇರಲಿಲ್ಲ. ನೀನು ಹೊರಗಿನವನ ಹಾಗೆ ಕೇಳಿದೆ. ಆ ವಿಡಿಯೊದಲ್ಲಿ ಮಾತ್ರ ಮನೆಯವನ ಹಾಗೆ ಮಾತಾಡಿದೆ.

ಆ ವಿಡಿಯೊದ ಮಾತನ್ನು ಬರೆಯದೆ ಇರುವುದು ನನ್ನ ಕೈಲಾಗದು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಅಮ್ಮನ ಬಳ್ಳಿಯ ಕೆಳಗೆ ನಿಂತು, “ಇದು ನಮ್ಮಮ್ಮ ನೆಟ್ಟ ಗಿಡ. ಅಮ್ಮ ಇಲ್ಲ, ಗಿಡ ಇದೆ” ಎಂದೆ. ನಾನು ಪಕ್ಕದಲ್ಲೇ ಫೋನು ಹಿಡಿದುಕೊಂಡಿದ್ದೆ. ಬಾಯಿ ತಪ್ಪಿ ಅಂದಿರಬೇಕು, ಆಮೇಲೆ ಸರಿ ಮಾಡುತ್ತಾನೆ ಅಂದುಕೊಂಡೆ. ನೀನು ಹಾಗೇ ಹಾಕಿದೆ. ಲಕ್ಷಗಟ್ಟಲೆ ಜನ ನೋಡಿದರು. ಅತ್ತವರೂ ಇದ್ದಾರೆ. ಈಗ ಅಂಗಡಿಗೂ ‘ಅಮ್ಮನ ಬಳ್ಳಿ’ ಎಂದು ಹೆಸರಿಟ್ಟಿದ್ದೀಯ. ಯಾವ ಅಮ್ಮ ಕಣೋ? ನಿನ್ನನ್ನು ಹೆತ್ತ ತಾಯಿ ಮಧುರೆಯಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ನಿನಗೆ ನೋವಾಗಲಿ ಎಂದು ಬರೆಯುತ್ತಿಲ್ಲ, ನಿಜ ಎಂದು ಬರೆಯುತ್ತಿದ್ದೇನೆ. ನಮ್ಮಮ್ಮನನ್ನು ನೀನು ಇಷ್ಟು ವರ್ಷ ಅತ್ತೆ ಎಂದು ಕರೆದೆ. ಅವಳು ಇರುವಾಗ ಅತ್ತೆ, ಹೋದ ಮೇಲೆ ಅಮ್ಮನಾದದ್ದು ಹೇಗೆ?

ನಮ್ಮ ಓನರ್ ವೇಣುಗೋಪಾಲ್ ಸಾರ್ ಕರೆಯುತ್ತಿದ್ದಾರೆ. ಮಣ್ಣಿನ ಲೋಡು ಬಂದಿದೆ.

ಗುರುವಾರ

ನಿನ್ನೆ ಇಳಿಸಿ ಮುಗಿಸುವಷ್ಟರಲ್ಲಿ ಮಳೆ ಬಂತು. ಒಳ್ಳೆಯದೇ ಆಯಿತು. ನಿನ್ನೆಯೇ ಮುಂದುವರಿಸಿದ್ದರೆ ಇನ್ನೂ ಕೆಟ್ಟದಾಗಿ ಬರೆಯುತ್ತಿದ್ದೆ. ಇವತ್ತು ಬೆಳಗ್ಗೆಯಿಂದ ಎರಡು ಸಂಗತಿ ನಡೆದಿವೆ, ಎರಡನ್ನೂ ಹೇಳುತ್ತೇನೆ.

ಬೆಳಗ್ಗೆ ಎದ್ದು ಬಂದರೆ ಅಪ್ಪ ಸ್ಟೂಲಿನ ಮೇಲೆ ನಿಂತಿದ್ದರು. ಅಮ್ಮನ ಹಳೇ ಸೀರೆಯ ತುಂಡನ್ನು ಒದ್ದೆ ಮಾಡಿಕೊಂಡು ಒಂದೊಂದೇ ಎಲೆ ಒರೆಸುತ್ತಿದ್ದರು. ದೇವರ ಪಟದ ಹತ್ತಿರದ ಮೊಳೆಯಿಂದ ದಾರ ಬಿಚ್ಚಿಯಾಗಿತ್ತು.

“ಏನ್ಮಾಡ್ತಿದೀಯಪ್ಪಾ?”

“ಸಿದ್ದ ಕೇಳವ್ನಲ್ಲ. ಬಿಡಿಸ್ತಾ ಇವ್ನಿ.”

“ನಿಂಗ್ಯಾರು ಹೇಳಿದ್ದು?”

“ಅವ್ನೇ ಫೋನ್ ಮಾಡಿದ್ದ. ನೀನು ಮಾತಾಡ್ತಿಲ್ವಂತೆ, ಮಾವ ನೀವಾದ್ರೂ ಹೇಳಿ ಅಂದ.”

ನನಗೆ ತಡೆಯಲಾಗಲಿಲ್ಲ. “ನಮ್ಮಮ್ಮನ್ನ ಅವ್ನಮ್ಮ ಅಂತ ಊರಿಗೆಲ್ಲ ಹೇಳ್ಕೊಂಡವ್ನೆ ಕಣಪ್ಪಾ. ಕೇಳಿದೀಯಾ ಅದನ್ನ?”

“ಕೇಳಿವ್ನಿ. ದಿನಾ ಕೇಳ್ತೀನಿ.”

“ಕೋಪ ಬರಲ್ವಾ ನಿಂಗೆ?”

ಅಪ್ಪ ಒರೆಸುತ್ತಿದ್ದ ಎಲೆಯನ್ನು ಮುಗಿಸಿ, ಇಳಿದು, ಬಟ್ಟೆ ಹಿಂಡಿದರು. “ಅವ್ಳ ವಿಷ್ಯ ಬಾಯ್ಬಿಟ್ಟು ಮಾತಾಡೋನು ಅವ್ನೊಬ್ನೇ ಕಣ್ಲಾ. ನೀನು ಮಾತಾಡ್ತೀಯಾ? ನಾನು ಮಾತಾಡ್ತೀನಾ? ಈ ಮನೇಲಿ ಅವ್ಳ ಹೆಸ್ರು ಕೇಳ್ಬೇಕು ಅಂದ್ರೆ ಆ ಫೋನು ಹಚ್ಬೇಕು.”

ದಾರವನ್ನು ಮತ್ತೆ ಮೊಳೆಗೆ ಕಟ್ಟಿದೆ. ಅಪ್ಪ ಬಟ್ಟೆ ಒಣಹಾಕಲು ಹೋದರು. ಹೊಟ್ಟೆಕಿಚ್ಚಿಗೆ ಮಾತ್ರ ಕಟ್ಟಿದೆ ಎಂದುಕೊಳ್ಳಬೇಡ. ವರ್ಷಗಟ್ಟಲೆ ಒಂದೇ ಗೋಡೆ ಹಿಡಿದ ಬಳ್ಳಿಯನ್ನು ಬಿಡಿಸಿ ಸುರುಳಿ ಸುತ್ತಿ ಟೆಂಪೋದಲ್ಲಿ ಒಯ್ದರೆ ಅರ್ಧ ಎಲೆ ದಾರಿಯಲ್ಲೇ ಉದುರುತ್ತವೆ. ಪೂಜೆಯ ದಿನ ಬಾಗಿಲಲ್ಲಿ ಬೋಳು ಬಳ್ಳಿ ಇಡುತ್ತೀಯಾ? ಇನ್ನರ್ಧ ಕಾರಣ ಹೊಟ್ಟೆಕಿಚ್ಚು, ಅದನ್ನೂ ಬರೆದುಬಿಡುತ್ತೇನೆ.

ಎರಡನೆಯದು, ಮಧ್ಯಾಹ್ನ ನರ್ಸರಿಗೆ ಸಂಘಮಿತ್ರ ಬಂದಿದ್ದಳು. ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಇರುವವಳು. ಮೊದಲೆಲ್ಲ ಬಂದಾಗ “ಸಿದ್ದು ಇಲ್ವಾ?” ಎಂದು ಕೇಳುತ್ತಿದ್ದವಳು. ಅವಳು ಹಾಗೆ ಕೇಳಿದಾಗಲೆಲ್ಲ ನನಗೆ ಏನಾಗುತ್ತಿತ್ತು ಎಂದು ಬರೆಯುವುದಿಲ್ಲ, ನೀನು ನಗುತ್ತೀಯ. ಇವತ್ತು ಮನಿಪ್ಲಾಂಟಿನ ಬಳ್ಳಿ ಉದ್ದವಾಗಿದೆ, ತುಂಡು ಮಾಡಿ ಇನ್ನೊಂದು ಬಾಟಲಿಯಲ್ಲಿ ಇಡಬೇಕು ಎಂದು ಬಂದಿದ್ದಳು. ಫೋನು ತೆಗೆದು ನಿನ್ನ ವಿಡಿಯೊ ತೋರಿಸಿದಳು.

“ಈ ಥರ ಕಟ್ ಮಾಡ್ಬೇಕಂತೆ. ನಿಮಗೆ ಗೊತ್ತಾ?”

ಫೋನಿನಲ್ಲಿ ನನ್ನ ಕೈ ನನಗೇ ಹೇಳಿಕೊಡುತ್ತಿತ್ತು. “ಗೊತ್ತು” ಎಂದೆ. ಎಲೆಯ ಬುಡದಲ್ಲಿ ಗೆಣ್ಣಿರುತ್ತದೆ, ಅದರ ಪಕ್ಕ ಕಂದು ಬಣ್ಣದ ಸಣ್ಣ ಮೊಳಕೆಯಂಥದ್ದು ಇರುತ್ತದೆ, ಬೇರು ಅಲ್ಲಿಂದಲೇ ಬರುವುದು, ಅದರ ಕೆಳಗೆ ಕತ್ತರಿಸಬೇಕು, ಗೆಣ್ಣಿಲ್ಲದ ಬರೀ ಎಲೆ ನೀರಲ್ಲಿ ಹಸಿರಾಗಿ ಇರುತ್ತದೆ ಹೊರತು ಗಿಡವಾಗುವುದಿಲ್ಲ ಎಂದು ಕತ್ತರಿಸಿ ತೋರಿಸಿದೆ. ನೀರನ್ನು ಆಗಾಗ ಬದಲಾಯಿಸಿ ಎಂದೆ. ಅವಳು ನನ್ನ ಕೈ ನೋಡಿದಳು, ಫೋನು ನೋಡಿದಳು, ಮತ್ತೆ ನನ್ನ ಹೆಬ್ಬೆಟ್ಟು ನೋಡಿದಳು.

“ಅಯ್ಯೋ, ಇದು ನಿಮ್ಮ ಕೈನಾ?”

“ಹೌದು.”

“ಎಲ್ಲಾ ವಿಡಿಯೊಲೂ?”

“ಹೌದು.”

ಜೋರಾಗಿ ನಕ್ಕಳು. ನನಗೂ ನಗು ಬಂತು, ಎಷ್ಟೋ ತಿಂಗಳ ಮೇಲೆ. ಆಮೇಲೆ ಅವಳು ನಗು ನಿಲ್ಲಿಸಿ, “ಹಾಗಾದ್ರೆ ಆ ಅಮ್ಮ? ಅವರೂ ನಿಮ್ಮಮ್ಮನಾ?” ಎಂದಳು.

ಸಿದ್ದ, ಇದನ್ನೇ ಯಾರಾದರೂ ಕೇಳಲಿ ಎಂದು ನಾನು ಎಷ್ಟು ದಿನದಿಂದ ಕಾಯುತ್ತಿದ್ದೆ. ಬಸ್ಸಿನಲ್ಲಿ, ಸಲೂನಿನಲ್ಲಿ, ಯಾರ ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೂ ಅದು ನಮ್ಮಮ್ಮ ಎಂದು ಕೂಗಬೇಕು ಅನ್ನಿಸುತ್ತಿತ್ತು. ಈಗ ಸ್ವತಃ ಕೇಳಿದ್ದಾಳೆ, ಅದೂ ಇವಳು. ಹೌದು ಎಂದರೆ ನಿನ್ನ ಮರ್ಯಾದೆ ಅಲ್ಲೇ ನೆಲಕ್ಕೆ ಬೀಳುತ್ತಿತ್ತು. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವವನು ನಾನು, ಅದಕ್ಕೇ ಮೇಷ್ಟರ ಹತ್ತಿರ ಏಟು ತಿಂದವನು. ಆದರೆ ಬಾಯಿಂದ ಹೌದು ಬರಲಿಲ್ಲ. ಇಲ್ಲ ಎಂದೂ ಬರಲಿಲ್ಲ. “ಬಾಟಲಿನ ಬಿಸಿಲಲ್ಲಿ ಇಡ್ಬೇಡಿ” ಎಂದೆ. ಅವಳು ತುಂಡನ್ನು ಎತ್ತಿಕೊಂಡು, “ಸರಿ” ಎಂದು ಹೋದಳು.

ಆಗಿನಿಂದ ಯೋಚಿಸುತ್ತಿದ್ದೇನೆ, ಯಾಕೆ ಬರಲಿಲ್ಲ ಎಂದು.

ನಿನ್ನ ಮೇಲೆ ನನಗಿರುವ ಹೊಟ್ಟೆಕಿಚ್ಚು ಈ ವಿಡಿಯೊಗಳಿಂದ ಶುರುವಾದದ್ದಲ್ಲ. ನಿನ್ನ ಪರೀಕ್ಷೆಯ ದಿನಗಳಲ್ಲಿ ಅಮ್ಮ ಬೆಳಗ್ಗೆ ಬೇಗ ಎದ್ದು ನಿನಗೆ ರೊಟ್ಟಿ ತಟ್ಟುತ್ತಿದ್ದಳು. “ಆ ತಾತನ ಕೈಲಿ ಅವ್ನಿಗೇನ್ ಬೇಯ್ಸಾಕಾಯ್ತದೆ” ಎನ್ನುತ್ತಿದ್ದಳು. ನೀನು ಡಿಗ್ರಿ ಪಾಸಾದ ದಿನ ನಮ್ಮ ಮನೆಯಲ್ಲಿ ಶಾವಿಗೆ ಪಾಯಸ. ನಾನೂ ಉಂಡೆ, ಚೆನ್ನಾಗಿಯೇ ಇತ್ತು. ನಾನು ಕಾಲೇಜು ಬಿಟ್ಟ ದಿನ ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಳ್ಳಿಯ ಎಲೆ ಒರೆಸುತ್ತಾ ನಿಂತಳು, ನನ್ನ ಕಡೆ ತಿರುಗಲಿಲ್ಲ. ಆಮೇಲೆ ನರ್ಸರಿ ಸೇರಿ ಗಿಡದ ಕೆಲಸ ಕಲಿತದ್ದು ಅವಳು ಒಂದು ಸಲ ತಿರುಗಿ ನೋಡಲಿ ಎಂದೇ ಇರಬಹುದು. ನೋಡಿದಳು ಕೂಡ. ನಾನು ಹೊಸ ಕುಂಡಕ್ಕೆ ಬಳ್ಳಿ ಬದಲಾಯಿಸಿದ ದಿನ, “ಪರ್ವಾಗಿಲ್ವೇ, ನಿನ್ ಕೈ ಚೆನ್ನಾಗೈತೆ” ಎಂದಳು. ಆ ಕೈಯನ್ನೇ ನೀನು ತೆಗೆದುಕೊಂಡದ್ದು.

ಸರಿ, ಈಗ ನನ್ನ ಉತ್ತರ. ಪೂರ್ತಿ ಗಿಡ ಕೊಡುವುದಿಲ್ಲ. ಅದು ಅಪ್ಪನ ಎದುರಿಗೇ ಇರಬೇಕು, ಬೆಳಗ್ಗೆ ಅವರಿಗೆ ಕೆಲಸ ಬೇಕು. ತುಂಡು ಬೇಕಾದರೆ ಒಂದು ಷರತ್ತು. ಅಂಗಡಿಯಲ್ಲಿ ಬಂದವರಿಗೆ, ವಿಡಿಯೊದಲ್ಲಿ ನೋಡುವವರಿಗೆ, ಇದು ಬೂದಿಗೆರೆಯ ರುಕ್ಮಿಣಮ್ಮನವರ ಬಳ್ಳಿ, ನಂದೀಶನ ತಾಯಿ ನೆಟ್ಟದ್ದು ಎಂದು ನಿನ್ನ ಬಾಯಿಂದಲೇ ಹೇಳಬೇಕು. ಇಲ್ಲದಿದ್ದರೆ ಒಂದೆಲೆಯೂ ಇಲ್ಲ. ಇದನ್ನು ಕೋಪದಲ್ಲಿ ಬರೆಯುತ್ತಿಲ್ಲ. ಟೀ ಕುಡಿದು, ಎರಡು ಸುತ್ತು ಹಾಕಿ ಬಂದು, ಸಮಾಧಾನದಲ್ಲಿ ಬರೆಯುತ್ತಿದ್ದೇನೆ.

ಹಾಲಿನ ವಿಷಯವನ್ನೂ ಸರಿ ಮಾಡು. ಲಕ್ಷ್ಮೀದೇವಮ್ಮ ನಿನ್ನ ಪೂಜೆಗೆ ಬರುತ್ತಾರಂತೆ, ಇರುವೆ ಪುಡಿ ತರುತ್ತೇನೆ ಎಂದಿದ್ದಾರೆ.

ನಿನ್ನ ಅಂಗಡಿ ಚೆನ್ನಾಗಿ ನಡೆಯಲಿ. ಇದನ್ನು ಬರೆಯಲು ಸ್ವಲ್ಪ ಕಷ್ಟವಾಯಿತು, ಆದರೂ ಮನಸ್ಸಿನಿಂದಲೇ ಬರೆದಿದ್ದೇನೆ. ಮಾರಿದ ಗಿಡಗಳು ಹೋದ ಮನೆಯಲ್ಲಿ ಬದುಕಲಿ. ತಾತನಿಗೆ ಫೋನು ಮಾಡು, ಬೀಡಿಯ ಮಾತು ನನ್ನಿಂದ ತಿಳಿಯಿತು ಎನ್ನಬೇಡ. ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ.

ಇಂತಿ ನಿನ್ನ,
ನಂದೀಶ

ತಾ.ಕ.

ಗೋವಿಂದರಾಜಣ್ಣ ಬೆಳಗ್ಗೆ ಬರುತ್ತಾರೆ, ಲಕೋಟೆ ಅಂಟಿಸಿಯಾಗಿತ್ತು. ಮತ್ತೆ ಬಿಚ್ಚಿದೆ. ಅಪ್ಪ ನಿನಗೆ ಉಣ್ಣಲು ಹೇಳಿದ್ದನ್ನು ಬರೆದ ಮೇಲೆ, ಸಂಘಮಿತ್ರಳಿಗೆ ನನ್ನ ಬಾಯಿಂದ ಹೌದು ಯಾಕೆ ಬರಲಿಲ್ಲ ಎಂದು ತಿಳಿಯಿತು.

ಆಸ್ಪತ್ರೆಯ ಕೊನೆಯ ದಿನ ನೀನು ಹೊರಗೆ ಔಷಧಿ ತರಲು ಹೋಗಿದ್ದೆ. ಅಪ್ಪ ಕಾರಿಡಾರಿನಲ್ಲಿ ಕೂತಿದ್ದರು. ಅಮ್ಮನ ಹತ್ತಿರ ನಾನೊಬ್ಬನೇ ಇದ್ದೆ, ಅವಳ ಕೈ ನನ್ನ ಕೈಯಲ್ಲಿತ್ತು. ಬೆಳಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಅವಳು ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು, ಗುರುತು ಹಿಡಿದಳು, ಅದರಲ್ಲಿ ಅನುಮಾನವಿಲ್ಲ. ಆಮೇಲೆ, “ಸಿದ್ದ ಉಂಡ್ನಾ?” ಎಂದಳು.

“ಉಂಡ ಕಣಮ್ಮಾ” ಎಂದೆ. ನೀನು ಉಂಡಿದ್ದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿದಳು. ಮತ್ತೆ ಮಾತಾಡಲಿಲ್ಲ.

ನನ್ನನ್ನು ಕೇಳಲಿಲ್ಲ ಸಿದ್ದ. ಪಕ್ಕದಲ್ಲೇ ಕೂತಿದ್ದೆ.

ಅವಳ ಹೆಸರು ಹೇಳಬೇಕು ಎಂಬ ಷರತ್ತು ಹಾಗೇ ಇರಲಿ, ರುಕ್ಮಿಣಮ್ಮ ಎಂದು ಹೇಳು, ಜನಕ್ಕೆ ಗೊತ್ತಾಗಲಿ. ನಂದೀಶನ ತಾಯಿ ಎನ್ನುವುದನ್ನು ಮಾತ್ರ ಬಿಡು. ಅವಳು ಯಾರಮ್ಮ ಎಂದು ನೀನು ಹೇಗೆ ಹೇಳಿದರೂ ನಾನು ತಿದ್ದುವುದಿಲ್ಲ.

ಶನಿವಾರ ಬಾ. ಮೆಸೇಜ್ ಹಾಕಿ ಕೇಳಬೇಡ, ಸುಮ್ಮನೆ ಬಂದು ಕೂರು, ಮಳೆಯ ಮಾತಾಡು. ಕತ್ತರಿ ಕಿಟಕಿಯ ಮೇಲೆ ಇರುತ್ತದೆ. ಗೆಣ್ಣಿನ ಕೆಳಗೆ ಕತ್ತರಿಸು. ಬಾಗಿಲ ಹತ್ತಿರದ ಎಳೆ ಚೆನ್ನಾಗಿ ಬಲಿತಿದೆ. ನೀನು ಬಂದು ಸ್ವಲ್ಪ ಹೊತ್ತಿಗೆ, ಒಲೆಯ ಮೇಲೆ ಹಾಲಿಟ್ಟಿದ್ದು ನನಗೆ ನೆನಪಾಗುತ್ತದೆ. ಎದ್ದು ಒಳಗೆ ಹೋಗುತ್ತೇನೆ.